ದೇವರ ಮನೆಯಲ್ಲಿ ಜಾರುಬಂಡೆ

ಇಂಗ್ಲೆಂಡಿನ ನಾರ್ವಿಚ್ ಕ್ಯಾಥೆಡ್ರಲ್‌ಗೆ ಒಂಬೈನೂರು ವರ್ಷ ದಾಟಿದೆ. 2019ರ ಆಗಸ್ಟಿನಲ್ಲಿ ಅದರ ನಟ್ಟನಡುವೆ, ಜನ ಕೂತು ಪ್ರಾರ್ಥನೆ ಮಾಡೋ ಜಾಗದಲ್ಲೇ, ಜಾತ್ರೆಯಲ್ಲಿ ಹಾಕ್ತಾರಲ್ಲ ಅಂಥದ್ದೊಂದು ಸುರುಳಿ ಜಾರುಬಂಡೆ ತಂದು ನಿಲ್ಲಿಸಿದರು. ಎತ್ತರ ಸುಮಾರು 50 ಅಡಿ, ಟಿಕೆಟ್ 2 ಪೌಂಡ್. ಬಿಷಪ್ ಒಬ್ಬರು ಅದರ ಮೇಲಿಂದಲೇ ಪ್ರವಚನ ಕೊಟ್ಟರು. ಅದೇ ಬೇಸಿಗೆಯಲ್ಲಿ ರೋಚೆಸ್ಟರ್ ಕ್ಯಾಥೆಡ್ರಲ್ ಒಳಗೆ ಮಿನಿ ಗಾಲ್ಫ್. ಸಂಪ್ರದಾಯಸ್ಥರು ಸಿಡಿದೆದ್ದರು, ಪತ್ರಿಕೆಗಳಿಗೆ ಹಬ್ಬ.

ಇದನ್ನ ನೋಡಿ ನಗೋದು ಸುಲಭ. ಆದರೆ ನಾರ್ವಿಚ್‌ನವರು ಕೊಟ್ಟ ಕಾರಣವನ್ನೂ ಸ್ವಲ್ಪ ಕೇಳಿ. ಆ ಕ್ಯಾಥೆಡ್ರಲ್‌ನ ಚಾವಣಿಯಲ್ಲಿ ನೂರಾರು ಕೆತ್ತನೆಗಳಿವೆ. 1463ರ ಬೆಂಕಿಯಲ್ಲಿ ಹಳೇ ಮರದ ಚಾವಣಿ ಸುಟ್ಟುಹೋದ ಮೇಲೆ ಕಲ್ಲಿನಲ್ಲಿ ಕಟ್ಟಿದ್ದು. ಸೃಷ್ಟಿಯಿಂದ ಕೊನೆಯ ತೀರ್ಪಿನ ದಿನದವರೆಗೆ ಇಡೀ ಬೈಬಲ್ ಕಥೆ ಅಲ್ಲಿದೆ, ಬಣ್ಣ ಬಣ್ಣವಾಗಿ. ಸಮಸ್ಯೆ ಏನಂದ್ರೆ ಅದು ನೆಲದಿಂದ ಸುಮಾರು 70 ಅಡಿ ಮೇಲಿದೆ. ಕೆಳಗೆ ನಿಂತು ನೋಡಿದ್ರೆ ಕುತ್ತಿಗೆ ನೋವು ಬರುತ್ತೆ, ನೋಹನ ಮುಖ ಕಾಣಲ್ಲ. ಜಾರುಬಂಡೆ ಹತ್ತಿದ್ರೆ ಹತ್ತಿರದಿಂದ ಕಾಣುತ್ತೆ. ಅಂದ್ರೆ ಆ ಆಟದ ಸಾಮಾನು ಏಣಿಯ ಕೆಲಸ ಮಾಡಿತು. ಹತ್ತಿದ ಮಗು ಜಾರೋಕೇ ಹತ್ತಿದ್ದಿರಬಹುದು, ಆದರೂ ತುದಿಯಲ್ಲಿ ಒಂದು ಕ್ಷಣ ತಲೆ ಎತ್ತಿರುತ್ತಲ್ಲ, ನನಗೆ ಅಷ್ಟು ಸಾಕು.

ಈಗ ಕ್ಯಾಂಟರ್ಬರಿಗೆ ಬನ್ನಿ. 1170ರಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಕೊಲೆಯಾಗಿದ್ದು ಈ ಕ್ಯಾಥೆಡ್ರಲ್ ಒಳಗೇ. ಶತಮಾನಗಳ ಕಾಲ ಯಾತ್ರಿಕರು ಬಂದಿದ್ದೂ ಅದಕ್ಕೇ. 2024ರ ಫೆಬ್ರವರಿಯಲ್ಲಿ ಇಲ್ಲಿ ಸೈಲೆಂಟ್ ಡಿಸ್ಕೋ ಆಯ್ತು. ಕಿವಿಗೆ ಹೆಡ್‌ಫೋನ್, 90ರ ದಶಕದ ಹಿಟ್‌ಗಳು, ಟಿಕೆಟ್ ಪೂರ್ತಿ ಖಾಲಿ. ಹೊರಗೆ ಕೆಲವರು ಪ್ರಾರ್ಥನೆ ಮಾಡುತ್ತಾ ಪ್ರತಿಭಟಿಸಿದರು. (ಒಳಗಿದ್ದವರಿಗೆ ಅದು ಕೇಳಿಸಿರೋ ಚಾನ್ಸ್ ಕಡಿಮೆ.)

ಹಿಂದಿನ ಕಾಲದಲ್ಲೂ ಕ್ಯಾಥೆಡ್ರಲ್‌ಗಳಲ್ಲಿ ವ್ಯಾಪಾರ, ಹರಟೆ, ನಾಟಕ ಎಲ್ಲ ಇತ್ತು ಅನ್ನೋದು ನಿಜ. ನನ್ನ ತಕರಾರು ಕುಣಿತದ ಬಗ್ಗೆ ಅಲ್ಲ. ಈ ಡಿಸ್ಕೋ ಯಾವ ಕಲ್ಯಾಣ ಮಂಟಪದಲ್ಲಿ ಆದರೂ ಇಷ್ಟೇ ಚೆನ್ನಾಗಿ ಆಗ್ತಿತ್ತು. ಅಲ್ಲಿ ಬೆಕೆಟ್‌ಗೆ ಏನೂ ಕೆಲಸ ಇಲ್ಲ, ಅವನ ಗೋಡೆ ಸೆಲ್ಫಿಗೆ ಬ್ಯಾಕ್‌ಗ್ರೌಂಡ್ ಅಷ್ಟೆ. ಹಳೇ ಕಟ್ಟಡ ಸಾಕೋಕೆ ದುಡ್ಡು ಬೇಕು, ಹಾಲ್ ಬಾಡಿಗೆಗೆ ಕೊಟ್ವಿ ಅಂದ್ರೆ ಒಪ್ಕೋಬಹುದು. ಹೊಸ ಜನರನ್ನ ದೇವರ ಹತ್ತಿರ ಕರೆತಂದ್ವಿ ಅಂದ್ರೆ ಮಾತ್ರ ಕಷ್ಟ.

ನಮ್ಮಲ್ಲೂ ಈ ವ್ಯತ್ಯಾಸ ಹೊಸದಲ್ಲ. ಕಟೀಲು ಮೇಳದ ಹರಕೆ ಆಟದಲ್ಲಿ ಚೆಂಡೆ, ವೇಷ, ಹಾಸ್ಯ ಎಲ್ಲ ಇರುತ್ತೆ, ಕಥೆ ಮಾತ್ರ ಹೆಚ್ಚಾಗಿ ದೇವಿಯದೇ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ನೋಡಿ, ಎಷ್ಟೋ ಕಡೆ ಗಣಪತಿಗೆ ಬೆನ್ನು ಹಾಕಿಯೇ ಕುರ್ಚಿ ಇಟ್ಟಿರ್ತಾರೆ.

ಇದನ್ನ ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ಶಿಕಾಗೋ ಹೊರವಲಯದ ವಿಲೋ ಕ್ರೀಕ್ ಚರ್ಚ್ 1975ರಲ್ಲಿ ಬಾಡಿಗೆ ಸಿನಿಮಾ ಥಿಯೇಟರಿನಲ್ಲಿ ಶುರುವಾಯ್ತು. ಮನೆಮನೆಗೆ ಹೋಗಿ ಯಾಕೆ ಚರ್ಚಿಗೆ ಬರಲ್ಲ ಅಂತ ಕೇಳಿ, ಬೋರು ಅಂದವರಿಗಾಗಿ ರಾಕ್ ಬ್ಯಾಂಡು, ನಾಟಕ ತಂದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ಯೂಸರ್ ರಿಸರ್ಚ್. ಜನ ಸಾವಿರಗಟ್ಟಲೆ ಬಂದರು, ಜಗತ್ತಿನ ಚರ್ಚುಗಳೆಲ್ಲ ನಕಲು ಮಾಡಿದವು. 2007ರಲ್ಲಿ ಅದೇ ಚರ್ಚು ತನ್ನ ಜನರ ಸಮೀಕ್ಷೆಯನ್ನ ಪುಸ್ತಕವಾಗಿ ಹೊರತಂದಿತು. ಕಾರ್ಯಕ್ರಮಗಳಿಗೆ ಹೆಚ್ಚು ಹೆಚ್ಚು ಬಂದ ಮಾತ್ರಕ್ಕೆ ದೇವರ ಮೇಲಿನ ಪ್ರೀತಿ ಹೆಚ್ಚಾಗಿರಲಿಲ್ಲ. ಹಳಬರಲ್ಲಿ ಕೆಲವರಂತೂ ಚರ್ಚೇ ಬಿಡೋ ಯೋಚನೆಯಲ್ಲಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಎಂಗೇಜ್‌ಮೆಂಟ್ ಗೆರೆ ಏರುತ್ತಲೇ ಇರುವಾಗ ಇಂಥದ್ದನ್ನ ತಾವೇ ಅಚ್ಚು ಹಾಕಿಸೋ ಧೈರ್ಯ ಎಷ್ಟು ಕಂಪನಿಗಳಿಗಿದೆ, ನೀವೇ ಹೇಳಿ.