ಆನ್ ಫ್ರಾಂಕಳ ದಿನಚರಿ ಮತ್ತು ಜನಾಂಗಹತ್ಯೆಯ ಪಾಠ

ತರುಣ ವಾಚಕರಿಗೆ ಜನಾಂಗಹತ್ಯೆಯ ಇತಿಹಾಸವನ್ನು ಪರಿಚಯಮಾಡಿಕೊಡಲು ಹೊರಟ ಅಧ್ಯಾಪಕರು ಸಾಮಾನ್ಯವಾಗಿ ಮೊದಲು ಆಶ್ರಯಿಸುವ ಗ್ರಂಥ ಆನ್ ಫ್ರಾಂಕಳ ದಿನಚರಿ. 1947ರಲ್ಲಿ ಡಚ್ ಭಾಷೆಯಲ್ಲಿ ಅಚ್ಚಾದ ಈ ಕೃತಿ ಇಂದು ಎಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ದೊರೆಯುತ್ತದೆ. ಅದರ ಸಾಹಿತ್ಯಗುಣದ ವಿಷಯದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅದನ್ನು ಓದಿ ಕಣ್ಣೀರಿಟ್ಟ ವಿದ್ಯಾರ್ಥಿಯು ಜನಾಂಗಹತ್ಯೆ ಹೇಗೆ ನಡೆಯುತ್ತದೆಂಬುದನ್ನು ಅರಿತನೇ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಈ ಪ್ರಶ್ನೆಯನ್ನೇ ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಈ ವಿವೇಚನೆಗೆ ಬೇಕಾದ ಪರಿಭಾಷೆಯೊಂದು ನಮ್ಮ ಕಾವ್ಯಮೀಮಾಂಸೆಯಲ್ಲಿಯೇ ಇದೆ. ಭಟ್ಟನಾಯಕನು ಪ್ರತಿಪಾದಿಸಿ, ಅಭಿನವಗುಪ್ತನು ತನ್ನ ರೀತಿಯಲ್ಲಿ ಅಂಗೀಕರಿಸಿದ ‘ಸಾಧಾರಣೀಕರಣ’ವೇ ಅದು. ರಂಗದ ಮೇಲಿನ ಸೀತೆಯ ದುಃಖವು ಇಂಥ ಕಾಲದ, ಇಂಥ ವ್ಯಕ್ತಿಯ ದುಃಖವೆಂಬ ಕಟ್ಟಿನಿಂದ ಬಿಡುಗಡೆ ಹೊಂದಿದಾಗಲೇ ಸಹೃದಯನಲ್ಲಿ ಶೋಕವು ಕರುಣರಸವಾಗಿ ಪರಿಣಮಿಸುತ್ತದೆ. ಆನ್ ಫ್ರಾಂಕಳ ಬರಹಕ್ಕೂ ಈ ಶಕ್ತಿ ಉಂಟು. ತಾಯಿಯೊಡನೆ ಮುನಿಸು, ಪೀಟರನಲ್ಲಿ ಅನುರಾಗ, ಲೇಖಕಿಯಾಗಬೇಕೆಂಬ ಹಂಬಲ, ಇವನ್ನು ಯಾವ ದೇಶದ ಬಾಲೆಯಾದರೂ ತನ್ನವೆಂದು ಒಪ್ಪಿಕೊಳ್ಳಬಲ್ಲಳು. ಆದರೆ ದಿನಚರಿಯು ಕಾವ್ಯದಂತೆ ಆಸ್ವಾದ್ಯವಾಗಿರುವಂತೆಯೇ ಸಾಕ್ಷ್ಯವೂ ಆಗಿದೆ. ಕಾವ್ಯದಲ್ಲಿ ಗುಣವಾದದ್ದು ಸಾಕ್ಷ್ಯದಲ್ಲಿ ದೋಷವಾಗುವ ಸಂಭವವುಂಟು. ಸಾಕ್ಷಿಯ ಮಾತಿಗೆ ದೇಶ, ಕಾಲ, ಹೆಸರುಗಳೇ ಆಧಾರ.

ಈ ಅಪಾಯ ಕೇವಲ ಊಹೆಯಲ್ಲ. ದಿನಚರಿಯನ್ನು ಆಧರಿಸಿ ಗುಡ್‌ರಿಚ್ ಮತ್ತು ಹ್ಯಾಕೆಟ್ ದಂಪತಿಗಳು ರಚಿಸಿದ ನಾಟಕ 1955ರಲ್ಲಿ ನ್ಯೂಯಾರ್ಕಿನಲ್ಲಿ ರಂಗವನ್ನೇರಿತು. ಮರುವರ್ಷ ಅದಕ್ಕೆ ಪುಲಿಟ್ಜರ್ ಪಾರಿತೋಷಕವೂ ಸಂದಿತು. 1944ರ ಏಪ್ರಿಲ್ 11ರ ಬರಹದಲ್ಲಿ ಆನ್ ಯೆಹೂದ್ಯರ ಯಾತನೆಯನ್ನು ಯೆಹೂದ್ಯರದೆಂದೇ ಹೆಸರಿಸಿ ಅದರ ಕಾರಣವನ್ನು ಪ್ರಶ್ನಿಸುತ್ತಾಳೆ. ನಾಟಕದಲ್ಲಿ ಆ ಮಾತು, ಕಷ್ಟಪಟ್ಟವರು ತಾವೊಬ್ಬರೇ ಅಲ್ಲವೆಂಬ ಸಾಮಾನ್ಯೋಕ್ತಿಯಾಗಿ ಮಾರ್ಪಟ್ಟಿದೆ. ಮನುಷ್ಯರ ಒಳ್ಳೆಯತನದಲ್ಲಿ ಆಕೆ ವ್ಯಕ್ತಪಡಿಸಿದ ನಂಬಿಕೆ ಮೂಲದಲ್ಲಿ ಜುಲೈ 15ರ ಬರಹದ ನಡುವೆ ಬರುತ್ತದೆ. ಅದರ ಪಕ್ಕದಲ್ಲಿಯೇ ಸಮೀಪಿಸುತ್ತಿರುವ ವಿನಾಶದ ಭೀತಿಯೂ ಇದೆ. ನಾಟಕಕಾರರು ಆ ನಂಬಿಕೆಯನ್ನು ಮಾತ್ರ ಎತ್ತಿ ಮುಕ್ತಾಯದಲ್ಲಿ ಇರಿಸಿದರು. ಅದನ್ನು ಬರೆದು ಮೂರು ವಾರ ತುಂಬುವ ಮೊದಲೇ ಆಕೆ ಸೆರೆಯಾದಳೆಂಬ ಸಂಗತಿಯನ್ನು ಮರೆತು ತರಗತಿಯಲ್ಲಿಯೂ ಆ ವಾಕ್ಯವನ್ನೇ ಗ್ರಂಥದ ಸಾರವೆಂದು ಬೋಧಿಸಿದರೆ, ವಿದ್ಯಾರ್ಥಿಗೆ ದೊರೆಯುವುದು ಸಮಾಧಾನವೇ ಹೊರತು ತಿಳಿವಳಿಕೆಯಲ್ಲ.

ಹಾಗಾದರೆ ಅಧ್ಯಾಪಕರು ನಿಲ್ಲಬೇಕಾದ ಪುಟ ಯಾವುದು? 1942ರ ಜೂನ್ 20ರ ಬರಹವೆಂದು ನಮ್ಮ ಅಭಿಪ್ರಾಯ. ಅಲ್ಲಿ ಆನ್ ನಿಷೇಧಗಳ ಪಟ್ಟಿಯೊಂದನ್ನು ಕೊಡುತ್ತಾಳೆ. ಯೆಹೂದ್ಯರು ಹಳದಿ ನಕ್ಷತ್ರವನ್ನು ಧರಿಸಬೇಕು, ಸೈಕಲ್ಲುಗಳನ್ನು ಒಪ್ಪಿಸಬೇಕು. ಟ್ರಾಮಿನಲ್ಲಿ ಹತ್ತಕೂಡದು, ನಾಟಕಶಾಲೆಗೆ ಹೋಗಕೂಡದು. ಮಕ್ಕಳು ಯೆಹೂದ್ಯ ಶಾಲೆಗಳಲ್ಲಿ ಮಾತ್ರ ಓದಬೇಕು. ಸಾಮಾನ್ಯ ವಾಚಕ ಈ ಪಟ್ಟಿಯನ್ನು ಬೇಗನೆ ದಾಟಿಹೋಗುತ್ತಾನೆ. ಜನಾಂಗಹತ್ಯೆಯ ಕ್ರಮವೆಲ್ಲ ಇದರಲ್ಲಿ ಬೀಜರೂಪವಾಗಿದೆ. ನೆದರ್ಲೆಂಡ್ಸಿನಲ್ಲಿ ಯೆಹೂದ್ಯರೆಲ್ಲರೂ ತಮ್ಮ ಹೆಸರನ್ನು ನೋಂದಾಯಿಸಬೇಕೆಂಬ ಆಜ್ಞೆ 1941ರ ಜನವರಿಯಲ್ಲಿ ಹೊರಟಿತು. ಅನಂತರ ಗುರುತಿನ ಚೀಟಿಯ ಮೇಲೆ ಮುದ್ರೆ ಬಿತ್ತು. 1942ರ ಮೇ ತಿಂಗಳಲ್ಲಿ ನಕ್ಷತ್ರ ಬಂದಿತು. ಜುಲೈ ನಡುವಿನಲ್ಲಿ ವೆಸ್ಟರ್‌ಬೋರ್ಕ್ ಶಿಬಿರದಿಂದ ರೈಲುಗಳು ಹೊರಟವು. ಆನಳ ಅಕ್ಕ ಮಾರ್ಗಾಟಳಿಗೆ ಜುಲೈ 5ರಂದು ಬಂದ ಕರೆಯೋಲೆ ಈ ಸರಪಣಿಯ ಒಂದು ಕೊಂಡಿ. ಮರುದಿನವೇ ಆ ಕುಟುಂಬ ಅಜ್ಞಾತವಾಸಕ್ಕೆ ತೆರಳಿತು. ಆ ದೇಶದ ಸುಮಾರು 1,40,000 ಯೆಹೂದ್ಯರಲ್ಲಿ ಸುಮಾರು 1,02,000 ಮಂದಿ ಹತರಾದರು. ಇದು ಉದ್ರಿಕ್ತ ಗುಂಪಿನ ಕೃತ್ಯವಲ್ಲ. ಗುಮಾಸ್ತರು, ದಾಖಲೆಗಳು, ವೇಳಾಪಟ್ಟಿಗಳು ಇವುಗಳಿಂದ ನಡೆದ ಕಾರ್ಯ.

ಎರಡನೆಯದಾಗಿ, ದಿನಚರಿಯ ಕೊನೆಯನ್ನು ಕೃತಿಯ ಮುಕ್ತಾಯವೆಂದು ಭಾವಿಸಬಾರದು. ಅಂತಿಮ ಬರಹ 1944ರ ಆಗಸ್ಟ್ 1ರದು. ಆಗಸ್ಟ್ 4ರಂದು ಅಡಗಿದ್ದ ಎಂಟು ಮಂದಿಯೂ ಬಂಧಿತರಾದರು. ಸೆಪ್ಟೆಂಬರ್ 3ರಂದು ವೆಸ್ಟರ್‌ಬೋರ್ಕಿನಿಂದ ಆಷ್‌ವಿಟ್ಸಿಗೆ ಹೊರಟ ಕೊನೆಯ ರೈಲಿನಲ್ಲಿ ಸಾವಿರಕ್ಕೂ ಮಿಕ್ಕ ಜನರ ನಡುವೆ ಅವರೂ ಇದ್ದರು. ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ 1945ರ ಆರಂಭದ ತಿಂಗಳುಗಳಲ್ಲಿ ಅಕ್ಕತಂಗಿಯರಿಬ್ಬರೂ ಮಡಿದರು. ಏಪ್ರಿಲ್ 15ರಂದು ಆ ಶಿಬಿರ ವಿಮೋಚನೆ ಹೊಂದಿತು. ಎಂಟು ಮಂದಿಯಲ್ಲಿ ಉಳಿದವನು ತಂದೆ ಆಟೋ ಒಬ್ಬನೇ. ಇವುಗಳಲ್ಲಿ ಯಾವುದೂ ದಿನಚರಿಯಲ್ಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಗ್ರಂಥವು ಹೇಳಲಾರದ ಈ ಭಾಗವನ್ನು ಅಧ್ಯಾಪಕನೇ ಹೇಳಬೇಕು.

ಎಳೆಯ ಮನಸ್ಸಿಗೆ ಇದು ಕಠೋರವಾಗದೆ ಎಂಬ ಆಕ್ಷೇಪವನ್ನು ನಾವು ಲಘುವಾಗಿ ಕಾಣುವುದಿಲ್ಲ. ಹೆಣಗಳ ರಾಶಿಯ ಚಿತ್ರಗಳನ್ನು ತೋರಿಸಿ ಬೆಚ್ಚಿಬೀಳಿಸುವುದು ಬೋಧನೆಯಲ್ಲ. ವಿದ್ಯಾರ್ಥಿಗಳನ್ನು ಬಂದಿಗಳಂತೆಯೂ ಕಾವಲುಗಾರರಂತೆಯೂ ಅಭಿನಯಿಸಹೇಳುವ ಪದ್ಧತಿ ಸಲ್ಲದೆಂದು ವಾಷಿಂಗ್ಟನ್ನಿನ ಸ್ಮಾರಕ ಸಂಗ್ರಹಾಲಯವೂ ಅಧ್ಯಾಪಕರಿಗೆ ಸೂಚಿಸಿದೆ. ಆದರೆ ನಿಷೇಧಗಳ ಪಟ್ಟಿಯಲ್ಲಿ ರಕ್ತದ ಬಿಂದುವೂ ಇಲ್ಲ. ಸೈಕಲ್ಲನ್ನು ಒಪ್ಪಿಸಬೇಕಾದ ಹುಡುಗಿಯ ಸ್ಥಿತಿಯನ್ನು ಹದಿಮೂರು ವರ್ಷದ ವಿದ್ಯಾರ್ಥಿಯೂ ಗ್ರಹಿಸಬಲ್ಲನು. ಭೀಕರತೆಯಿಂದ ಅಲ್ಲದೆ ಕ್ರಮದಿಂದ ಆರಂಭಿಸುವುದೇ ಈ ವಯಸ್ಸಿಗೆ ಉಚಿತ.

ವಿಶೇಷಗಳಿಗೆ ಒತ್ತುಕೊಟ್ಟರೆ ಇದು ಎಲ್ಲಿಯೋ ನಡೆದ ಪರರ ಕಥೆಯಾಗಿ ಉಳಿಯುವುದೆಂದು ಕೆಲವರು ಹೇಳಬಹುದು. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. 1994ರಲ್ಲಿ ರುವಾಂಡಾದ ರಸ್ತೆತಡೆಗಳಲ್ಲಿ ಗುರುತಿನ ಚೀಟಿಯ ಮೇಲಿನ ‘ಟುಟ್ಸಿ’ ಎಂಬ ಒಂದು ಪದ ಮರಣಶಾಸನವಾಯಿತು. ಆ ಚೀಟಿಗಳಲ್ಲಿ ಪಂಗಡವನ್ನು ನಮೂದಿಸುವ ಪದ್ಧತಿ ಬೆಲ್ಜಿಯನ್ನರ ಆಳ್ವಿಕೆಯ ಕಾಲದ್ದು. ಆಂಸ್ಟರ್ಡಾಮಿನ ಚೀಟಿಯನ್ನು ತಿಳಿದ ವಿದ್ಯಾರ್ಥಿ ರುವಾಂಡಾದ ಚೀಟಿಯ ಅರ್ಥವನ್ನು ಗುರುತಿಸಬಲ್ಲನು. ಕೇವಲ ಮರುಗಿದವನಿಗೆ ಅದು ಸಾಧ್ಯವಾಗದು.

ಕೊನೆಯಲ್ಲಿ ಪದದ ವಿಚಾರ. ಕನ್ನಡದಲ್ಲಿ ಈ ಅರ್ಥಕ್ಕೆ ‘ನರಮೇಧ’ವೆಂಬ ಪದ ಬಹುವಾಗಿ ಬಳಕೆಯಲ್ಲಿದೆ. ಅದು ಯಜ್ಞದ ಪರಿಭಾಷೆ. ಬಲಿಯನ್ನೂ ಅದನ್ನು ಸ್ವೀಕರಿಸುವ ದೇವತೆಯನ್ನೂ ನೆನಪಿಗೆ ತರುತ್ತದೆ. ದಹನಬಲಿಯೆಂಬ ಅರ್ಥದ ಗ್ರೀಕ್ ಮೂಲದಿಂದ ಬಂದ ‘ಹಾಲೋಕಾಸ್ಟ್’ ಪದಕ್ಕೂ ಇದೇ ಆಕ್ಷೇಪ ಬಂದಿದೆ. ರಫಾಯೆಲ್ ಲೆಮ್ಕಿನ್ 1944ರಲ್ಲಿ ಟಂಕಿಸಿದ ‘ಜೆನೊಸೈಡ್’ ಪದದಲ್ಲಿ ಜನಾಂಗ ಮತ್ತು ಹತ್ಯೆ ಎಂಬ ಎರಡೇ ಅಂಶಗಳಿವೆ. 1948ರ ಡಿಸೆಂಬರ್ 9ರ ಒಡಂಬಡಿಕೆ ಸ್ವೀಕರಿಸಿದ್ದೂ, 1959ರಲ್ಲಿ ಭಾರತ ಅನುಮೋದಿಸಿದ್ದೂ ಈ ಕಲ್ಪನೆಯನ್ನೇ. ‘ಜನಾಂಗಹತ್ಯೆ’ಯೆಂಬ ಪದ ಕರ್ತೃವೊಬ್ಬನಿರುವನೆಂದು ಸೂಚಿಸುತ್ತದೆ. ಆದಕಾರಣ ತರಗತಿಯಲ್ಲಿ ಆ ಪದವನ್ನೇ ಬಳಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಆನ್ ಫ್ರಾಂಕಳಿಗಾಗಿ ವಿದ್ಯಾರ್ಥಿ ಮರುಗಲಿ, ಅದು ಸಹಜ. ಆ ಮರುಕದ ಜೊತೆಗೆ, ಆಕೆಯ ಹೆಸರನ್ನು ಪಟ್ಟಿಯಲ್ಲಿ ಬರೆದವರು ಯಾರು ಎಂದು ಅವನು ಕೇಳುವಂತಾದರೆ ಪಾಠ ಫಲಿಸಿತೆಂದು ತಿಳಿಯಬಹುದು.