ಮೂರ್ಖರ ನೌಕೆಯೂ ಕಿಳ್ಳೇಕ್ಯಾತನೂ

ಮಾನವನ ಅವಿವೇಕವನ್ನು ಚಿತ್ರಮುಖವಾಗಿ ಪರಿಹಾಸಮಾಡಿದ ಕಲೆಯನ್ನು ಕುರಿತು ಬರೆಯುವವರು ಮಧ್ಯಯುಗದ ಅಂತ್ಯಭಾಗದ ಯೂರೋಪಿನ ಮರದಚ್ಚಿನ ಚಿತ್ರಗಳಿಂದ ಆರಂಭಿಸುವುದು ವಾಡಿಕೆ. ಅದು ಅನುಚಿತವೇನೂ ಅಲ್ಲ. ಸೆಬಾಸ್ಟಿಯನ್ ಬ್ರಾಂಟನ ‘ಮೂರ್ಖರ ನೌಕೆ’ಯು 1494ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಒಂದೊಂದು ಅವಿವೇಕಕ್ಕೆ ಒಂದೊಂದು ಪದ್ಯಭಾಗ, ಅದರೊಡನೆ ಚಿತ್ರ ಎಂಬುದು ಅದರ ಕ್ರಮ. ಕತ್ತೆಕಿವಿಯ, ಗೆಜ್ಜೆಯ ಟೊಪ್ಪಿಗೆ ತೊಟ್ಟ ಮೂರ್ಖರ ಈ ಚಿತ್ರಗಳಲ್ಲಿ ಹಲವು ತರುಣ ಡ್ಯೂರರನ ಕೈಯವೆಂದು ವಿದ್ವಾಂಸರು ಎಣಿಸುತ್ತಾರೆ. ಆದರೆ ರಾಮನಗರದ ಪ್ರಾಂತದಲ್ಲಿರುವ ನಮಗೆ ಇದಕ್ಕೆ ಹೋಲಿಕೆಯನ್ನು ದೂರದಲ್ಲಿ ಅರಸಬೇಕಾಗಿಲ್ಲ. ಎಚ್. ಎಲ್. ನಾಗೇಗೌಡರು ಕಟ್ಟಿ, 1994ರಲ್ಲಿ ಆರಂಭವಾದ ಜಾನಪದ ಲೋಕದಲ್ಲಿ ತೊಗಲುಗೊಂಬೆಗಳಿವೆ. ಆ ಗೊಂಬೆಯಾಟದ ವಿದೂಷಕನೇ ಕಿಳ್ಳೇಕ್ಯಾತ.

ಕಪ್ಪು ಮೈ, ಕೆದರಿದ ತಲೆ, ಡೊಳ್ಳುಹೊಟ್ಟೆಯ ಈ ಪಾತ್ರವು ತನ್ನ ಜೊತೆಗಾತಿ ಬಂಗಾರಕ್ಕನೊಡನೆ ರಾಮಾಯಣ ಮಹಾಭಾರತಗಳ ಕಥೆಯ ನಡುವೆ ನುಗ್ಗಿ, ಆಡುಮಾತಿನಲ್ಲಿ ಊರಿನವರನ್ನು ಹಾಸ್ಯಮಾಡುತ್ತದೆ. ಗಂಭೀರ ಕಥೆಯಿಂದ ಬೇಸತ್ತ ಪ್ರೇಕ್ಷಕನಿಗೆ ಇದು ಕೇವಲ ವಿಶ್ರಾಂತಿಯೆಂದು ಹೇಳುವುದುಂಟು. ಈ ಮಾತು ಅರ್ಧಸತ್ಯ ಮಾತ್ರ. ದೇವತೆಗಳೂ ರಾಜರೂ ಆಡುವ ಪರದೆಯ ಮೇಲೆಯೇ ಹಳ್ಳಿಯವನ ಹೊಟ್ಟೆಬಾಕತನವೂ ದಾಂಪತ್ಯಕಲಹವೂ ಕಾಣಿಸಿಕೊಳ್ಳುವಾಗ, ಪ್ರೇಕ್ಷಕನು ನಗುವುದು ತನ್ನನ್ನು ಕಂಡೇ.

ಬ್ರಾಂಟನೂ ಓದುಗನಿಗೆ ಹಿಡಿದದ್ದು ಕನ್ನಡಿಯನ್ನೇ. ಅವನ ನೌಕೆಯಲ್ಲಿ ಮೊದಲ ಸ್ಥಾನ ಗ್ರಂಥಗಳನ್ನು ಗುಡ್ಡೆಹಾಕಿಕೊಂಡು ಅವುಗಳನ್ನು ಅರಿಯದೆ ನೊಣ ಓಡಿಸುತ್ತ ಕುಳಿತ ಪಂಡಿತನಿಗೆ. ವಿದ್ವಾಂಸನಾದ ಕವಿ ತನ್ನ ವರ್ಗದವನನ್ನೇ ಮುಂದಿಟ್ಟದ್ದು ಪ್ರಾಮಾಣಿಕತೆಯ ಲಕ್ಷಣ. ಆದರೂ ಪುಸ್ತಕ ಮುಚ್ಚಿದೊಡನೆ ಅವನು ನ್ಯಾಯಶಾಸ್ತ್ರದ ಪಂಡಿತನಾಗಿಯೇ ಉಳಿದನು. ಮೂರ್ಖನ ಹೆಸರು ಅವನಿಗೆ ಅಂಟಲಿಲ್ಲ.

ನಮ್ಮ ಗೊಂಬೆಯಾಟದವರ ಸ್ಥಿತಿ ಬೇರೆ. ವಿದೂಷಕನ ಹೆಸರೇ ಅವರ ಸಮುದಾಯದ ಹೆಸರಾಯಿತು: ಒಂದೆಡೆ ಕಿಳ್ಳೇಕ್ಯಾತರು, ಇನ್ನೊಂದೆಡೆ ಶಿಳ್ಳೇಕ್ಯಾತರು. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರಿನಲ್ಲಿಯೂ ಅದು ಉಳಿದಿದೆ. ಪರಿಹಾಸಮಾಡುವವನು ತಾನೇ ಪರಿಹಾಸದ ಹೆಸರನ್ನು ಹೊತ್ತು ಬಾಳಿದನೆಂಬುದು ಈ ಕಲೆಯ ಗೌರವವೂ ಹೌದು, ಅದಕ್ಕಾಗಿ ತೆತ್ತ ಬೆಲೆಯೂ ಹೌದು.

ಇಲ್ಲಿಯೇ ವಿಮರ್ಶಕನ ಹೊಣೆ ತೊಡಗುತ್ತದೆ. ಮರದಚ್ಚಿನ ಚಿತ್ರದ ಬಳಿಯಲ್ಲಿಯೇ ಪದ್ಯವೂ ಅಚ್ಚಾಗಿರುವುದರಿಂದ, ಯಾರನ್ನು ಏತಕ್ಕಾಗಿ ನಗಲಾಗಿದೆಯೆಂಬುದು ಐನೂರು ವರ್ಷಗಳ ಬಳಿಕವೂ ತಿಳಿಯುತ್ತದೆ. ತೊಗಲುಗೊಂಬೆಯ ಮಾತು ಆಡಿಸುವವನ ಬಾಯಲ್ಲಿ ಮಾತ್ರ ಇರುತ್ತದೆ. ದೀಪವಿಲ್ಲದೆ, ಮಾತಿಲ್ಲದೆ ಗಾಜಿನ ಹಿಂದೆ ನಿಂತ ಕಿಳ್ಳೇಕ್ಯಾತನಲ್ಲಿ ನೋಡುವವನಿಗೆ ಕಾಣುವುದು ಕುರೂಪವೊಂದೇ. ಊರನ್ನು ನಕ್ಕವನು ಆಗ ಊರಿನ ನಗೆಗೆ ಗುರಿಯಾಗುತ್ತಾನೆ, ವಿಡಂಬನೆ ತಲೆಕೆಳಗಾಗುತ್ತದೆ. ಆದಕಾರಣ ಗೊಂಬೆಯನ್ನು ಎಲ್ಲಿಯೇ ಪ್ರದರ್ಶಿಸಲಿ, ಆಡಿಸುವವನ ಒಂದು ಸಂಭಾಷಣೆಯನ್ನಾದರೂ ಅದರ ಪಕ್ಕದಲ್ಲಿ ಬರೆದಿಡುವುದು ಅಲಂಕಾರವಲ್ಲ, ನ್ಯಾಯ. ಅದನ್ನು ಮಾಡದೆ ಚರ್ಮದ ವರ್ಣವೈಖರಿಯನ್ನಷ್ಟೇ ವರ್ಣಿಸುವ ನಾವು, ಗ್ರಂಥರಾಶಿಯ ನಡುವೆ ನೊಣ ಓಡಿಸುವ ಆ ಪಂಡಿತನ ಪಕ್ಕದಲ್ಲಿಯೇ ನೌಕೆಯನ್ನೇರಬೇಕಾದೀತು.