ಹಿನ್ನೀರಿನಲ್ಲಿ ಜಪಮಾಲೆ ಹಬ್ಬ

ನಮ್ಮ ಶೀಳನೆರೆ ಕಡೆ ಹೇಮಾವತಿ ಎಂದರೆ ನಾಲೆ, ಕಬ್ಬು, ನೀರು ಯಾವಾಗ ಬಿಡುತ್ತಾರೆ ಎಂಬ ತಕರಾರು. ಅದೇ ನೀರು ಹಾಸನದ ಗೊರೂರು ಅಣೆಕಟ್ಟೆಯ ಹಿಂದೆ ನಿಂತಾಗ ಶೆಟ್ಟಿಹಳ್ಳಿಯ ಚರ್ಚನ್ನು ಸೊಂಟಮಟ್ಟ, ಒಳ್ಳೆ ಮಳೆಯಾದರೆ ಕೊರಳಮಟ್ಟ ಮುಳುಗಿಸುತ್ತದೆ.

ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚದು. ಈ ಮಾತೆಯ ಹಬ್ಬ ಅಕ್ಟೋಬರ್ 7. ತಾರೀಕಿನ ಮೂಲ ಒಂದು ಕಡಲ ಯುದ್ಧ: 1571ರ ಆ ದಿನ ಗ್ರೀಸಿನ ಲೆಪಾಂಟೊ ಬಳಿ ಕ್ಯಾಥೊಲಿಕ್ ರಾಜ್ಯಗಳ ಹಡಗುಗಳು ತುರ್ಕರ ನೌಕಾಪಡೆಯನ್ನು ಸೋಲಿಸಿದವು. ಜಪಮಾಲೆಯ ಪ್ರಾರ್ಥನೆಯಿಂದಲೇ ಗೆಲುವಾಯಿತೆಂದು ಪೋಪ್ ಐದನೇ ಪಯಸ್ ಅದನ್ನು ವಿಜಯಮಾತೆಯ ಹಬ್ಬ ಮಾಡಿದರು. 1573ರಲ್ಲಿ ಹದಿಮೂರನೇ ಗ್ರೆಗೊರಿ ಅದಕ್ಕೆ ಜಪಮಾಲೆಯ ಹೆಸರಿಟ್ಟರು. ಫಿರಂಗಿಯ ಸದ್ದು ಅಡಗಿ ಮಣಿ ಎಣಿಸುವ ಬೆರಳು ಉಳಿದದ್ದು ಒಳ್ಳೆಯದೇ ಆಯಿತು.

ಈ ಸೀಮೆಗೆ ಆ ಮಣಿ ಹೊಸದಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬೆ ದುಬಾಯ್ ಗಂಜಾಮಿನಲ್ಲಿ ಚರ್ಚು ಕಟ್ಟಿಸಿ, ಹಾಸನದ ಸಾತಳ್ಳಿ ಕಡೆ ಕ್ರೈಸ್ತ ರೈತರನ್ನು ನೆಲೆಗೊಳಿಸಿದರು.

ಕೆರೆಕಟ್ಟೆ ತುಂಬಿದ ವರ್ಷ ಹಬ್ಬದ ದಿನ ಶೆಟ್ಟಿಹಳ್ಳಿಯ ಚರ್ಚಿನೊಳಗೆ ಹೋಗಲು ತೆಪ್ಪವೇ ಗತಿ. ಕಡಲ ಗೆಲುವಿನ ಹಬ್ಬಕ್ಕೆ ಇದಕ್ಕಿಂತ ತಕ್ಕ ಜಾಗ ಎಲ್ಲಿದೆ? ಅಣೆಕಟ್ಟೆ 1979ರಲ್ಲಿ ಮುಗಿಯಿತು. ಊರು ಹೋಯಿತು, ಚಾವಣಿಯೂ ಹೋಯಿತು. ಚಾವಣಿ ಇಲ್ಲದ್ದು ಕಣ್ಣಿಗೆ ಕೊರತೆಯಾಗಿ ಕಾಣುವುದಿಲ್ಲ. ಕಂಬದ ಸಾಲಿನ ನಡುವೆ ಬೆಳಕು ನೇರ ನೀರಿಗೆ ಬೀಳುತ್ತದೆ. ಕಮಾನು ಬಾಗತೊಡಗುವ ಎತ್ತರಕ್ಕೇ ನೀರು ಬಂದು ನಿಂತಿರಬೇಕು, ಆಗ ನೋಡಬೇಕು. ಮೇಲಿನ ಚೂಪು ಕಮಾನಿಗೆ ಕೆಳಗಿನ ಪ್ರತಿಬಿಂಬ ಸೇರಿ ಸುಲಿದ ಬಾದಾಮಿಯಂತೆ, ಆದರೆ ಎರಡೂ ಕಡೆ ಮೊನಚಾದ ಒಂದು ಆಕಾರ. ಗಾಳಿ ಆಡಿದರೆ ಕೆಳಗಿನರ್ಧ ಚೂರಾಗುತ್ತದೆ, ನಿಂತರೆ ಕೂಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಳಗೆ ನಡೆದೇ ಹೋಗಬಹುದು. ಗಾರೆ ಕಳಚಿದಲ್ಲಿ ಇಟ್ಟಿಗೆ ಕಾಣುತ್ತದೆ. ಬೆಲ್ಲ, ಮೊಟ್ಟೆ ಕಲಸಿದ ಗಾರೆ ಎನ್ನುತ್ತಾರೆ. ನಮ್ಮಲ್ಲಿ ಗಟ್ಟಿ ಗೋಡೆ ಕಂಡಲ್ಲೆಲ್ಲ ಈ ಮಾತು ಇದ್ದದ್ದೇ.

ಇದೇ ನೀರು ಅಕ್ಕಿಹೆಬ್ಬಾಳು ದಾಟಿ ಸೇರುವ ಕೆಆರ್‌ಎಸ್ ಹಿನ್ನೀರಿನಲ್ಲಿ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯೂ ಮುಳುಗಿದ್ದ. ಆ ಗುಡಿಯ ಕಲ್ಲುಗಳನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಜೋಡಿಸಿದರು. ಇಟ್ಟಿಗೆ ಗಾರೆಯನ್ನು ಹಾಗೆ ಬಿಚ್ಚಿ ಕಟ್ಟಲು ಬಾರದು. ಶೆಟ್ಟಿಹಳ್ಳಿಯನ್ನು ಇದ್ದಲ್ಲೇ ನೋಡಬೇಕು, ಅದೂ ಗೋಡೆ ನಿಂತಿರುವಾಗಲೇ. ನನ್ನನ್ನು ಕೇಳಿದರೆ ಅಕ್ಟೋಬರಿನಲ್ಲಿ.